ಅಪಧಮನಿಯ ರೋಗ ಮತ್ತು ಆರ್‌ಎನ್‌ಎಯ ಅಕ್ಷರಗಳು

ಹೃದಯಾಘಾತವು ಒಂದು ಗಳಿಗೆಯಲ್ಲಿ ಎರಗುವ ಆಪತ್ತೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅದರ ಬೀಜ ದಶಕಗಳಷ್ಟು ಹಿಂದೆಯೇ ಬಿದ್ದಿರುತ್ತದೆ. ಅಪಧಮನಿಯ ಒಳಪದರದ ಅಡಿಯಲ್ಲಿ ಕೊಲೆಸ್ಟರಾಲ್ ಸೇರುತ್ತದೆ. ಅದನ್ನು ನುಂಗಲು ಬಂದ ಬಿಳಿಯ ರಕ್ತಕಣಗಳು ಅಲ್ಲಿಯೇ ಉಳಿದು ಉರಿಯೂತವನ್ನುಂಟುಮಾಡುತ್ತವೆ. ನಾಳದ ಗೋಡೆ ದಪ್ಪವಾಗಿ ಪೆಡಸಾಗುತ್ತದೆ. ಈ ದೀರ್ಘ ಪ್ರಕ್ರಿಯೆಯಲ್ಲಿ ಆರ್‌ಎನ್‌ಎ ಎಂಬ ಅಣುವಿನ ಸೂಕ್ಷ್ಮ ಮಾರ್ಪಾಡುಗಳಿಗೂ ಪಾತ್ರವುಂಟೆಂದು ಈಚಿನ ಸಂಶೋಧನೆಗಳು ತಿಳಿಸುತ್ತವೆ.

ಜೀವಕೋಶದ ಡಿಎನ್‌ಎಯನ್ನು ಭಂಡಾರದಲ್ಲಿ ಕಾಪಿಟ್ಟ ಮೂಲ ಓಲೆಗರಿಗೆ ಹೋಲಿಸಬಹುದು. ಪ್ರೋಟೀನನ್ನು ತಯಾರಿಸಬೇಕಾದಾಗ ಬೇಕಾದ ಭಾಗವನ್ನಷ್ಟೇ ಪ್ರತಿಮಾಡಿಕೊಳ್ಳಲಾಗುತ್ತದೆ. ಆ ಪ್ರತಿಯೇ ಸಂದೇಶವಾಹಕ ಆರ್‌ಎನ್‌ಎ. ಇದರ ಮೂಲಾಕ್ಷರಗಳು ನಾಲ್ಕೇ. ಆದರೆ ನಾವು ವ್ಯಂಜನಕ್ಕೆ ಕೊಂಬು, ದೀರ್ಘಗಳನ್ನು ಕೊಡುವಂತೆ, ಕಿಣ್ವಗಳು ಈ ಅಕ್ಷರಗಳಿಗೆ ರಾಸಾಯನಿಕ ಗುರುತುಗಳನ್ನು ಸೇರಿಸುತ್ತವೆ. ವಿವಿಧ ಆರ್‌ಎನ್‌ಎಗಳಲ್ಲಿ ಇಂತಹ 170ಕ್ಕೂ ಹೆಚ್ಚು ಬಗೆಯ ಮಾರ್ಪಾಡುಗಳು ತಿಳಿದುಬಂದಿವೆ. ಸಂದೇಶವಾಹಕ ಆರ್‌ಎನ್‌ಎಯ ಅಡೆನೋಸಿನ್‌ಗೆ ಮೀಥೈಲ್ ಗುಂಪು ಅಂಟಿರುವುದು 1974ರಲ್ಲಿಯೇ ಪತ್ತೆಯಾಯಿತು; ಅದನ್ನು ಅಳಿಸಬಲ್ಲ ಕಿಣ್ವವೂ ಉಂಟೆಂದು 2011ರಲ್ಲಿ ತಿಳಿಯಿತು. ಪ್ರತಿಯು ಎಷ್ಟು ಕಾಲ ಉಳಿಯಬೇಕು, ಎಷ್ಟು ಪ್ರೋಟೀನು ಸಿದ್ಧವಾಗಬೇಕು ಎಂಬುದು ಇಂತಹ ಗುರುತುಗಳನ್ನೂ ಅವಲಂಬಿಸಿದೆ.

ಇದಕ್ಕೊಂದು ನಿದರ್ಶನ: ಅಪಧಮನಿಗೆ ಹಿಗ್ಗುವ ಗುಣವನ್ನೀಯುವ ಎಲಾಸ್ಟಿನ್ ನಾರನ್ನು ಕ್ಯಾಥೆಪ್ಸಿನ್-ಎಸ್ ಎಂಬ ಕಿಣ್ವ ಕತ್ತರಿಸುತ್ತದೆ. ಅಡಾರ್-1 ಎಂಬ ಇನ್ನೊಂದು ಕಿಣ್ವ ಇದರ ಆರ್‌ಎನ್‌ಎಯಲ್ಲಿ ಕೆಲವು ಅಡೆನೋಸಿನ್‌ಗಳನ್ನು ಐನೋಸಿನ್‌ಗಳಾಗಿ ತಿದ್ದುತ್ತದೆ. ತಿದ್ದಿದ ಪ್ರತಿ ಬೇಗ ನಾಶವಾಗದು, ಕ್ಯಾಥೆಪ್ಸಿನ್ ಹೆಚ್ಚುತ್ತದೆ. ಅಪಧಮನಿಯ ರೋಗಿಗಳಲ್ಲಿ ಈ ತಿದ್ದುವಿಕೆ ಅಧಿಕವಾಗಿರುವುದನ್ನು 2016ರ ಅಧ್ಯಯನವೊಂದು ತೋರಿಸಿತು. ಹಾಗಾದರೆ ಅಡಾರ್-1ನ್ನೇ ತಡೆದರಾಯಿತಲ್ಲವೆ? ಅಲ್ಲ. ಆನುವಂಶಿಕ ಕಾರಣಗಳಿಂದ ತಿದ್ದುವಿಕೆ ಕಡಿಮೆಯಾದರೆ, ದೇಹವು ತನ್ನದೇ ಆರ್‌ಎನ್‌ಎಯನ್ನು ವೈರಸ್ಸಿನದೆಂದು ಭ್ರಮಿಸಿ ಉರಿಯೂತಕ್ಕೆಳಸಬಹುದು. ಹೃದಯದ ಅಪಧಮನಿಯ ರೋಗಕ್ಕೂ ಇದಕ್ಕೂ ಸಂಬಂಧವಿರುವುದನ್ನು 2022ರ ಸಂಶೋಧನೆ ಸೂಚಿಸಿತು. ಹೆಚ್ಚಾದರೂ ಕೇಡು, ಕಡಿಮೆಯಾದರೂ ಕೇಡು.

ಇದೇ ರಸಾಯನ ವಿದ್ಯೆ ಔಷಧವಾಗಿಯೂ ಒದಗಿಬಂದಿದೆ. ಸಹಜ ಆರ್‌ಎನ್‌ಎ ರಕ್ತದಲ್ಲಿ ಬಹುಬೇಗ ಛಿದ್ರವಾಗುತ್ತದೆ. ಅದರ ಸಕ್ಕರೆಯ ಭಾಗಗಳಿಗೆ ಮೀಥೈಲ್, ಫ್ಲೋರಿನ್‌ಗಳನ್ನು ಜೋಡಿಸಿ ಬಾಳಿಕೆ ಬರುವಂತೆ ಮಾಡಿದ ಪುಟ್ಟ ಆರ್‌ಎನ್‌ಎಯೇ ಇನ್‌ಕ್ಲಿಸಿರಾನ್. ಪಿಸಿಎಸ್‌ಕೆ-9 ಎಂಬ ಪ್ರೋಟೀನಿನ ಸಂದೇಶವನ್ನು ಇದು ಯಕೃತ್ತಿನಲ್ಲಿ ಅಡಗಿಸುತ್ತದೆ. ಆಗ ಯಕೃತ್ತು ರಕ್ತದಿಂದ ಹೆಚ್ಚು ಎಲ್‌ಡಿಎಲ್ ಕೊಲೆಸ್ಟರಾಲನ್ನು ಸೆಳೆದುಕೊಳ್ಳುತ್ತದೆ. 2020ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಎಲ್‌ಡಿಎಲ್ ಸುಮಾರು ಅರ್ಧಕ್ಕಿಳಿಯಿತು. ಮೊದಲ ಚುಚ್ಚುಮದ್ದಿನ ಬಳಿಕ 3 ತಿಂಗಳಿಗೊಂದು, ಅನಂತರ 6 ತಿಂಗಳಿಗೊಂದು ಸಾಕು. ಐರೋಪ್ಯ ಒಕ್ಕೂಟ 2020ರಲ್ಲಿ, ಅಮೆರಿಕ 2021ರಲ್ಲಿ ಇದಕ್ಕೆ ಅನುಮತಿಯಿತ್ತವು. ಆದರೆ ಆ ಪ್ರಯೋಗಗಳು ಮುಖ್ಯವಾಗಿ ಅಳೆದದ್ದು ಕೊಲೆಸ್ಟರಾಲಿನ ಇಳಿಕೆಯನ್ನು, ಹೃದಯಾಘಾತಗಳ ಇಳಿಕೆಯನ್ನಲ್ಲ ಎಂಬುದನ್ನು ಮರೆಯಬಾರದು.

ಹೊಸ ಔಷಧದ ವಾರ್ತೆಯನ್ನೋದಿ ವೈದ್ಯರು ಕೊಟ್ಟ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸುವವರುಂಟು. ಅದು ಅಪಾಯಕರ. ಸ್ಟ್ಯಾಟಿನ್ ಗುಳಿಗೆಗಳು ಹೃದಯಾಘಾತವನ್ನು ಕಡಿಮೆ ಮಾಡುತ್ತವೆಂಬುದು 1994ರಿಂದಲೂ ದೊಡ್ಡ ಪ್ರಯೋಗಗಳಲ್ಲಿ ಸಿದ್ಧವಾಗಿರುವ ಸಂಗತಿ. ತಂಬಾಕನ್ನು ವರ್ಜಿಸುವುದು, ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲುಗಳನ್ನು ಕಾಲಕಾಲಕ್ಕೆ ಪರೀಕ್ಷಿಸಿಕೊಳ್ಳುವುದು, ನಿತ್ಯ ನಡೆಯುವುದು ಇವು ನಮ್ಮ ಕೈಯಲ್ಲೇ ಇವೆ. ತಂದೆತಾಯಿಗಳಿಗೋ ಒಡಹುಟ್ಟಿದವರಿಗೋ ಎಳೆವಯಸ್ಸಿನಲ್ಲೇ ಹೃದಯದ ಬೇನೆ ಬಂದಿದ್ದಲ್ಲಿ, ಎದೆನೋವಿಗಾಗಿ ಕಾಯದೆ ಇಂದೇ ವೈದ್ಯರನ್ನು ಕಾಣುವುದು ಲೇಸು.