ಹಣದ ಚೀಲ ಯಾರ ಕೈಲಿ?

ರಗ್ಬಿ ಲೀಗ್ ತಂಡ ಸಾಲಾಗಿ ಸೋತರೆ ಮೊದಲು ಹೋಗುವುದು ಕೋಚ್‌ನ ತಲೆ. ಆದರೆ ಅಂಗಳದಲ್ಲಿ ಎಡವುವ ಹದಿಮೂರು ಮಂದಿಯನ್ನು ಆತನೇ ಆರಿಸಿ ತಂದದ್ದೇ ಎಂದು ಕೇಳುವವರು ಕಡಿಮೆ. ಈ ಆಟ ಹುಟ್ಟಿದ್ದೇ ದುಡ್ಡಿನ ಜಗಳದಲ್ಲಿ. ಆಟಕ್ಕಾಗಿ ದಿನಗೂಲಿ ಬಿಟ್ಟು ಬರುವ ಗಣಿ, ಗಿರಣಿಯ ಕಾರ್ಮಿಕರಿಗೆ ಆ ನಷ್ಟ ತುಂಬಿಕೊಡಬೇಕು ಎಂದ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು 1895ರಲ್ಲಿ ಹಡರ್ಸ್‌ಫೀಲ್ಡಿನ ಹೋಟೆಲೊಂದರಲ್ಲಿ ಸೇರಿ ರಗ್ಬಿ ಯೂನಿಯನ್‌ನಿಂದ ಬೇರೆಯಾದವು. ಹಣ ಕೊಡುವವನೇ ಆಟಗಾರನನ್ನು ಆರಿಸುವ ರೂಢಿ ಬಹುಕಾಲ ನಡೆಯಿತು. 1953ರಲ್ಲಿ ವಿಗನ್ ಕ್ಲಬ್ಬಿನವರು ಕಾರ್ಡಿಫ್‌ನ ಬಂದರು ಕೇರಿ ಟೈಗರ್ ಬೇಗೆ ಹೋಗಿ, ಬಿಲ್ಲಿ ಬಾಸ್ಟನ್ ಎಂಬ ಹುಡುಗನ ಮನೆಯ ಮೇಜಿನ ಮೇಲೆ ನೋಟು ಹರಡಿದರು. ವ್ಯವಹಾರ ಕುದುರಿದ್ದು 3,000 ಪೌಂಡಿಗೆ. ಮುಂದೆ ಆತ ವಿಗನ್‌ಗಾಗಿ 478 ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡು ಊರುವುದು) ಗಳಿಸಿದ. ಅಂದು ಮೇಜಿನ ಮುಂದೆ ಕೂತು ಚೌಕಾಸಿ ಮಾಡಿದವರು ಕ್ಲಬ್ಬಿನ ಆಡಳಿತಗಾರರು, ಕೋಚ್ ಅಲ್ಲ.

ಕೋಚ್‌ಗೆ ಆಟ ಗೊತ್ತು, ಆಡಳಿತ ಮಂಡಳಿಗೆ ಲೆಕ್ಕ ಮಾತ್ರ ಗೊತ್ತು. ಹಾಗಾಗಿ ಆಯ್ಕೆ ಕೋಚ್‌ನದೇ ಆಗಿರಬೇಕು ಎಂಬ ವಾದವಿದೆ. ಕೇಳಲು ಸರಿಯೆನಿಸುತ್ತದೆ, ವಿಗನ್‌ನ ಚರಿತ್ರೆ ಮಾತ್ರ ಅದಕ್ಕೆ ಒಗ್ಗುವುದಿಲ್ಲ. 1980ರಲ್ಲಿ ಕೆಳ ದರ್ಜೆಗೆ ಕುಸಿದಿದ್ದ ಕ್ಲಬ್ಬಿನ ಮಂಡಳಿಯನ್ನು 1982ರಲ್ಲಿ ನಾಲ್ವರಿಗೆ ಇಳಿಸಲಾಯಿತು. ಅವರಲ್ಲೊಬ್ಬ ಮಾರಿಸ್ ಲಿಂಡ್ಸೆ, ವೃತ್ತಿಯಲ್ಲಿ ಬಾಜಿ ಕಟ್ಟಿಸಿಕೊಳ್ಳುವ ಬುಕ್ಕಿ. (ಆಟಗಾರರ ಮೇಲೆ ಹಣ ಹೂಡುವುದೂ ಅಂಥದೇ ಕಸುಬಲ್ಲವೇ!) ಎಲ್ಲರಿ ಹ್ಯಾನ್ಲಿ ಎಂಬ ಆಟಗಾರನನ್ನು 1,50,000 ಪೌಂಡ್ ಲೆಕ್ಕದಲ್ಲಿ ತಂದದ್ದು 1985ರಲ್ಲಿ, ವಿಗನ್‌ನ ದಿಕ್ಕು ಬದಲಿಸಿದನೆಂದು ಹೊಗಳಿಸಿಕೊಳ್ಳುವ ಕೋಚ್ ಗ್ರಹಾಂ ಲೋ ನ್ಯೂಜಿಲೆಂಡಿನಿಂದ ಬಂದದ್ದು ಮರುವರ್ಷ. 1988ರಿಂದ 1995ರವರೆಗೆ ಸತತ ಎಂಟು ಚಾಲೆಂಜ್ ಕಪ್ ಗೆದ್ದ ತಂಡಕ್ಕೆ ಆರಂಭದಲ್ಲಿ ಲೋ ಆಟ ಕಲಿಸಿದ್ದು ನಿಜ, ಆದರೆ ಅಡಿಪಾಯದ ಕಲ್ಲುಗಳಲ್ಲಿ ಕೆಲವು ಆಗಲೇ ಕೂತಿದ್ದವು.

ಆಟಗಾರರ ಒಟ್ಟು ಸಂಬಳಕ್ಕೆ ಕ್ಲಬ್ ಇಷ್ಟೇ ಖರ್ಚು ಮಾಡಬಹುದೆಂಬ ಸಂಬಳ ಮಿತಿ ಬಂದ ಮೇಲೆ ಪ್ರಶ್ನೆ ಇನ್ನೂ ಮೊನಚಾಯಿತು. 2006ರಲ್ಲಿ ವಿಗನ್ ಪಟ್ಟಿಯ ತಳದಲ್ಲಿತ್ತು. ಬ್ರಾಡ್‌ಫರ್ಡ್‌ನಿಂದ ಬಂದ ಹೊಸ ಕೋಚ್ ಬ್ರಯಾನ್ ನೋಬಲ್‌ನ ಹಿಂದೆಯೇ, ಅಲ್ಲಿ ಆತನ ಕೈಕೆಳಗೆ ಆಡಿದ್ದ ಸ್ಟುವರ್ಟ್ ಫೀಲ್ಡನ್ ದಾಖಲೆಯ 4,50,000 ಪೌಂಡಿಗೆ ಬಂದ. ಕೆಳ ದರ್ಜೆಗೆ ಬೀಳುವುದು ತಪ್ಪಿತು. ಆದರೆ ಆ ವರ್ಷ ಸಂಬಳ ಮಿತಿ ಮೀರಿದ್ದಕ್ಕೆ 2007ರಲ್ಲಿ ಕ್ಲಬ್ಬಿನ ನಾಲ್ಕು ಅಂಕ ಕಡಿತವಾಯಿತು. ಕೋಚ್‌ಗೆ ಬೇಕಾದವನೇ ಬಂದನಲ್ಲ, ಹೊಣೆ ಆತನದೇ ಎನ್ನಬಹುದು. ಆದರೆ ಕೇಳುವುದು ಬೇರೆ, ಒಟ್ಟು ಸಂಬಳದ ಮೊತ್ತ ಕೂಡಿಸಿ ನೋಡಿ ರುಜು ಹಾಕುವುದು ಬೇರೆ. ಮಿತಿಯೊಳಗೆ ಹೊಸಬನೊಬ್ಬನಿಗೆ ಕೊಟ್ಟದ್ದು ಹಳಬನೊಬ್ಬನಿಗೆ ಸಿಗದೆ ಹೋಗುವ ಹಣ. ಆ ತೂಕ ಮಾಡಬೇಕಾದವರು ರುಜು ಹಾಕುವವರೇ. ಕೋಚ್‌ನ ಹಂಗಾಮು ಮುಗಿದರೂ ಆತ ಬೇಡಿದವರ ಒಪ್ಪಂದಗಳು ಹಿಂದೆ ಉಳಿದುಬಿಡುತ್ತವೆ.

ಈ ಅವಧಿಯ ಅಂತರವನ್ನು ತುಂಬಲೆಂದೇ ಕೋಚ್‌ಗೂ ಮಂಡಳಿಗೂ ನಡುವೆ, ತಂಡ ಕಟ್ಟುವುದನ್ನು ನೋಡಿಕೊಳ್ಳುವ ಮೂರನೆಯವನ ಕುರ್ಚಿ ಬಂದಿರುವುದು. ಸಿಡ್ನಿಯ ಪಶ್ಚಿಮಕ್ಕಿರುವ ಪೆನ್‌ರಿತ್ ಕ್ಲಬ್ಬಿನಲ್ಲಿ 2011ರಿಂದ ಅದರಲ್ಲಿ ಕೂತವನು ಫಿಲ್ ಗೌಲ್ಡ್. ದೊಡ್ಡ ಹೆಸರುಗಳ ಬೆನ್ನು ಹತ್ತುವುದಕ್ಕಿಂತ ಸುತ್ತಲಿನ ಹುಡುಗರನ್ನು ಬೆಳೆಸುವುದಕ್ಕೆ ಆತ ಒತ್ತು ಕೊಟ್ಟ. ಕೋಚ್ ಐವನ್ ಕ್ಲಿಯರಿಯನ್ನು 2015ರಲ್ಲಿ ಕ್ಲಬ್ ಮನೆಗೆ ಕಳಿಸಿತು. ಅದೇ ಕ್ಲಿಯರಿ 2019ರ ಹಂಗಾಮಿಗೆ ಮರಳಿದ, ಗೌಲ್ಡ್ ಆ ವರ್ಷವೇ ಹೊರನಡೆದ. 2021ರ ಫೈನಲ್ಲಿನಲ್ಲಿ ಪೆನ್‌ರಿತ್ ಸೌತ್ ಸಿಡ್ನಿಯನ್ನು 14-12ರಿಂದ ಮಣಿಸಿ ಸತತ ನಾಲ್ಕು ಪ್ರಶಸ್ತಿಗಳ ಸರಣಿಗೆ ನಾಂದಿ ಹಾಡಿದಾಗ ಗೌಲ್ಡ್ ಆಗಲೇ ಬುಲ್‌ಡಾಗ್ಸ್ ಎಂಬ ಇನ್ನೊಂದು ಕ್ಲಬ್ಬಿನ ಕೆಲಸದಲ್ಲಿದ್ದ.