ಬಿಸಿಲೇರಿದಾಗ ಬಿಚ್ಚುವ ಕುಣಿಕೆ

ಗುಬ್ಬಿ ಸೀಮೆಯ ರಾಗಿ ಹೊಲಗಳಲ್ಲಿ ಅಕ್ಕಡಿ ಸಾಲಿಗೆ ಅವರೆ, ತೊಗರಿ, ಅಲಸಂದೆ ಹಾಕುವುದು ಹಿಂದಿನಿಂದ ಬಂದ ಪದ್ಧತಿ. ಮಳೆಬಿದ್ದು ಮಣ್ಣು ಹದವಾಗಿರುವಾಗ, ಹೂವಿಗೆ ಬಂದ ಅಲಸಂದೆ ಗಿಡವೊಂದನ್ನು ಗುದ್ದಲಿಯಿಂದ ಬುಡಸಮೇತ ಎಬ್ಬಿಸಿ, ಬೇರನ್ನು ನೀರಲ್ಲಿ ಅಲುಗಿಸಿ ನೋಡಿ. ಕವಲುಗಳ ಉದ್ದಕ್ಕೂ ಗುಂಡಗಿನ ಬೇರುಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಅದು ಲೆಗ್‌ಹಿಮೋಗ್ಲೋಬಿನ್ ಎಂಬ ಪ್ರೋಟೀನ್‌ನ ಬಣ್ಣ. ಕೆಂಪಿದೆ ಎಂದರೆ ಒಳಗಿನ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುತ್ತಿವೆ ಎಂದರ್ಥ. ಹಸಿರು ಅಥವಾ ಬೂದು ಬಣ್ಣವಿದ್ದರೆ ಕೆಲಸ ನಿಂತಿದೆ.

ಅಲಸಂದೆಯ ಬೇರಿನಲ್ಲಿರುವುದು ಬ್ರಾಡಿರೈಜೋಬಿಯಂ ಎಂಬ ಕುಲದ ಜೀವಿ. ಬೇರಿನೊಳಗೆ ಅದಕ್ಕೆ ಊಟವೂ ಇದೆ, ನೆರಳೂ ಇದೆ. ಆದರೆ ಗಿಡವಿಲ್ಲದ ತಿಂಗಳುಗಳನ್ನು ಅದು ಬರೀ ಮಣ್ಣಿನಲ್ಲಿ ಕಳೆಯಬೇಕು. ಏಪ್ರಿಲ್ ಬಿಸಿಲಿಗೆ ನಮ್ಮ ಕೆಂಪು ಮಣ್ಣಿನ ಮೇಲ್ಪದರ 40 ಡಿಗ್ರಿ ದಾಟುವುದು ಅಪರೂಪವೇನಲ್ಲ. ಆ ಕಾವಿಗೆ ಜೀವಕೋಶದ ಪ್ರೋಟೀನ್‌ಗಳು ಆಕಾರ ಕಳೆದುಕೊಂಡು ಒಂದಕ್ಕೊಂದು ಅಂಟಿಕೊಳ್ಳತೊಡಗುತ್ತವೆ. ಅವು ಕೆಡದಂತೆ ಹಿಡಿದಿಡುವ ರಕ್ಷಕ ಪ್ರೋಟೀನ್‌ಗಳು ತಕ್ಷಣ ಬೇಕು, ತಡವಾದರೆ ಜೀವ ಉಳಿಯದು.

ಪ್ರೋಟೀನ್ ತಯಾರಾಗುವ ದಾರಿ ಶಾಲೆಯಲ್ಲಿ ಓದಿದ್ದೇ: ಡಿಎನ್‌ಎಯಲ್ಲಿರುವ ಜೀನ್‌ನಿಂದ ಸಂದೇಶವಾಹಕ ಆರ್‌ಎನ್‌ಎ, ಅದನ್ನು ಓದಿ ಪ್ರೋಟೀನ್ ಕಟ್ಟುವ ರೈಬೋಸೋಮ್. ಈ ಓದುವಿಕೆಯೇ ಟ್ರಾನ್ಸ್‌ಲೇಷನ್. ರೈಬೋಸೋಮ್ ಎಲ್ಲಿಂದ ಓದಲು ಶುರು ಮಾಡಬೇಕು ಎಂಬುದಕ್ಕೆ ಬ್ಯಾಕ್ಟೀರಿಯಾದ ಆರ್‌ಎನ್‌ಎಯಲ್ಲಿ ಆರಂಭದ ಸಂಕೇತಕ್ಕಿಂತ ತುಸು ಮುಂಚೆ ಒಂದು ಗುರುತು ಇರುತ್ತದೆ. 1974ರಲ್ಲಿ ಆಸ್ಟ್ರೇಲಿಯದ ಜಾನ್ ಶೈನ್ ಮತ್ತು ಲಿನ್ ಡಾಲ್ಗಾರ್ನೊ ಇದನ್ನು ತೋರಿಸಿಕೊಟ್ಟರು. 

ಆ ಗುರುತನ್ನೇ ಮುಚ್ಚಿಟ್ಟರೆ? ಸಂದೇಶ ಸಿದ್ಧವಿದ್ದರೂ ರೈಬೋಸೋಮ್‌ಗೆ ಹಿಡಿತ ಸಿಗುವುದಿಲ್ಲ. ಬೇರುಗಂಟಿನ ಈ ಬ್ಯಾಕ್ಟೀರಿಯಾಗಳು, ಅಂದರೆ ರೈಜೋಬಿಯಾಗಳು, ಮಾಡಿಕೊಂಡಿರುವ ಏರ್ಪಾಡು ಇದೇ. ಸೋಯಾಬೀನ್ ಬೇರಿನ ಬ್ರಾಡಿರೈಜೋಬಿಯಂನಲ್ಲಿ ಇದಕ್ಕೆ ಕಾರಣವಾದ ಭಾಗವನ್ನು ಜ್ಯೂರಿಕ್‌ನ ಫ್ರಾಂಜ್ ನಾರ್ಬರ್‌ಹೌಸ್ ಮತ್ತು ಸಂಗಡಿಗರು 1998ರಲ್ಲಿ ವರದಿ ಮಾಡಿ, ಅದಕ್ಕೆ 'ರೋಸ್' ಎಂದು ಹೆಸರಿಟ್ಟರು. ರಕ್ಷಕ ಪ್ರೋಟೀನ್‌ನ ಆರ್‌ಎನ್‌ಎ ತನ್ನ ಮೇಲೇ ಮಡಚಿಕೊಂಡು ಓದುವ ಗುರುತನ್ನು ಕುಣಿಕೆಯೊಳಗೆ ಸಿಕ್ಕಿಸಿಕೊಂಡಿರುತ್ತದೆ. ಇದು ಹಸು ಕಟ್ಟುವ ಹಗ್ಗದ ಜಾರುಗುಣಿಕೆಯ ಹಾಗೆ: ಹಿಡಿದಿರುವಷ್ಟು ಹೊತ್ತು ಭದ್ರ, ಬಿಚ್ಚಬೇಕಾದಾಗ ಸಲೀಸು. 2006ರಲ್ಲಿ ಈ ಭಾಗದ ರಚನೆಯನ್ನು ಬಿಡಿಸಿದಾಗ ಸಲೀಸಿನ ಕಾರಣ ಗೊತ್ತಾಯಿತು. ಗುರುತಿನ ಎದುರಿಗೆ ಎಲ್ಲವೂ ಗಟ್ಟಿ ಜೋಡಿಗಳಲ್ಲ. ಆರ್‌ಎನ್‌ಎಯ ಅಕ್ಷರಗಳಲ್ಲಿ ಜಿ ಎದುರು ಜಿ, ಯು ಎದುರು ಯು ಹೀಗೆ ಒಗ್ಗದ, ದುರ್ಬಲ ಜೋಡಿಗಳೂ ನಡುವೆ ಸೇರಿಕೊಂಡಿವೆ. 30 ಡಿಗ್ರಿಯ ಆಸುಪಾಸಿನಲ್ಲಿ ಕುಣಿಕೆ ನಿಲ್ಲುತ್ತದೆ. ಕಾವು 40ರತ್ತ ಏರಿದಂತೆ ಆ ದುರ್ಬಲ ಜಾಗ ಕರಗಿ ಗುರುತು ಬಯಲಾಗುತ್ತದೆ, ರೈಬೋಸೋಮ್ ಬಂದು ಕೂರುತ್ತದೆ. ತಂಪಾದರೆ ಮತ್ತೆ ಮಡಚಿಕೊಳ್ಳುತ್ತದೆ. ನಡುವೆ ಬೇರೆ ಯಾವ ಪ್ರೋಟೀನೂ ಬೇಕಿಲ್ಲ. ಬಿಸಿಯನ್ನು ಅಳೆಯುವುದೂ ತೀರ್ಮಾನಿಸುವುದೂ ಆ ಸಂದೇಶವೇ. ಜೀವವಿಜ್ಞಾನದಲ್ಲಿ ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಷ್ಟು ಚೊಕ್ಕವಾಗಿ ನಡೆಯುವ ಕೆಲಸ ನನಗೆ ಬೇರೆ ಕಂಡಿಲ್ಲ.

ವೇಗವಷ್ಟೇ ಇದರ ಲಾಭವಲ್ಲ. ಚುರುಕಾಗಿ ಬೆಳೆಯುವ ಬ್ಯಾಕ್ಟೀರಿಯಾದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರೋಟೀನ್ ಕಟ್ಟುವುದಕ್ಕೇ ಹೋಗುತ್ತದೆ. ಬೇಡದ್ದನ್ನು ಓದದಿರುವುದೇ ದೊಡ್ಡ ಉಳಿತಾಯ.

ಇದೇ ಉಪಾಯ ನಮಗೆ ಕೇಡೂ ತರಬಲ್ಲದು. ಕಲುಷಿತ ಹಾಲು, ಚೀಸ್‌ಗಳ ಮೂಲಕ ದೇಹ ಸೇರುವ ಲಿಸ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ. ಅದರ ರೋಗಕಾರಕ ಜೀನ್‌ಗಳನ್ನು ಚಾಲೂ ಮಾಡುವ ಪಿಆರ್‌ಎಫ್‌ಎ ಎಂಬ ಪ್ರೋಟೀನ್‌ನ ಸಂದೇಶ 30 ಡಿಗ್ರಿಯಲ್ಲಿ ಮುಚ್ಚಿಕೊಂಡಿದ್ದು, 37ಕ್ಕೆ, ಅಂದರೆ ನಮ್ಮ ಮೈಕಾವಿಗೆ, ತೆರೆದುಕೊಳ್ಳುತ್ತದೆ. ಪ್ಯಾರಿಸ್‌ನ ಪ್ಯಾಶ್ಚರ್ ಸಂಸ್ಥೆಯಲ್ಲಿ ಇದು ಗೊತ್ತಾದದ್ದು 2002ರಲ್ಲಿ.

ಓದುವಿಕೆಯನ್ನು ಹತೋಟಿಯಲ್ಲಿಡಲು ಬಿಸಿಯೇ ಬೇಕೆಂದಿಲ್ಲ.  ಕುದುರೆಗಳಿಗೆ ಪ್ರಿಯವಾದ ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್, ಇದರ ಬೇರುಗಂಟಿನಲ್ಲಿ ಇನ್ನೊಂದು ಬ್ಯಾಕ್ಟೀರಿಯಾ ಇದೆ: ಸೈನೋರೈಜೋಬಿಯಂ ಮೆಲಿಲೋಟಿ. ಇದು ಎಬಿಸಿಆರ್1 ಎಂಬ ಪುಟ್ಟ ಆರ್‌ಎನ್‌ಎಯನ್ನು ತಯಾರಿಸಿ, ಅಮೈನೋ ಆಮ್ಲ ಹೀರಿಕೊಳ್ಳುವ ಪ್ರೋಟೀನ್‌ನ ಸಂದೇಶಕ್ಕೆ ಅಂಟಿಸಿ ಓದುವಿಕೆಯನ್ನು ತಡೆಯುತ್ತದೆ. ಸ್ಪೇನಿನ ಗ್ರಾನಡಾದಲ್ಲಿ ನಡೆದ ಪ್ರಯೋಗಗಳಿಂದ ತಿಳಿದ ಸಂಗತಿ ಇದು.

ರೈತರ ಕೈಸೇರುವ ರೈಜೋಬಿಯಂ ಪೊಟ್ಟಣದಲ್ಲಿರುವುದೂ ಇಂಥವೇ ಜೀವಂತ ಬ್ಯಾಕ್ಟೀರಿಯಾ. ಆದರೂ ಎಷ್ಟೋ ಕಡೆ ಅದನ್ನು ಬಿಸಿಲು ಬೀಳುವ ಜಗುಲಿಯಲ್ಲಿ, ಗೊಬ್ಬರದ ಮೂಟೆಯ ಮೇಲೆ ಎಸೆದಿಡುವುದನ್ನು ಕಂಡರೆ ಸಂಕಟವಾಗುತ್ತದೆ. ಕುಣಿಕೆ ಬಿಚ್ಚಿ ರಕ್ಷಕ ಪ್ರೋಟೀನ್ ಬಂದರೂ ಅದು ತಡೆಯುವ ಕಾವಿಗೆ ಒಂದು ಮಿತಿ ಇದೆ. ದಿನಗಟ್ಟಲೆ ಕಾದ ಪೊಟ್ಟಣದಲ್ಲಿ ಉಳಿಯುವುದು ಹೆಚ್ಚಾಗಿ ಸತ್ತ ಕೋಶಗಳು. ಪೊಟ್ಟಣವನ್ನು ತಂಪು ಜಾಗದಲ್ಲಿಡಿ. ಬೀಜಕ್ಕೆ ಬೆಲ್ಲದ ನೀರಿನೊಡನೆ ಲೇಪಿಸಿ, ನೆರಳಲ್ಲೇ ಆರಿಸಿ, ಅಂದೇ ಹಸಿ ಮಣ್ಣಿಗೆ ಬಿತ್ತಿ.