ಬಿಸ್ಕಿಟ್ ಪುಡಾದಾಗ ಇಂಗ್ಲೆಂಡ್ ಪ್ರವಾಸ

1999ರ ‘ಬ್ರಿಟಾನಿಯಾ ಖಾವೊ, ವರ್ಲ್ಡ್ ಕಪ್ ಜಾವೊ’ ನೆನಪೈತೇನ್ರಿ, ಬೀಳಗಿ ಮಂದಿ?

ಬಿಸ್ಕಿಟ್ ಪುಡಾದ ಮ್ಯಾಲ ರನ್ ಅಚ್ಚಾಗಿರ್ತಿದ್ವು. 100 ರನ್ ಕೂಡಿಸಿ ಅಂಗಡ್ಯಾಗ ಕೊಟ್ರ ಒಂದು ಸ್ಕ್ರ್ಯಾಚ್ ಪುಸ್ತಕ. ಉಗುರಿಲೆ ಕೆರದು ನಸೀಬು ನೋಡೂದು. ಗೆದ್ದವ್ರಿಗೆ ಇಂಗ್ಲೆಂಡಿನಾಗ ವಿಶ್ವಕಪ್ ನೋಡೂ ಪ್ರವಾಸ! ಅಲ್ಲಿ ನಮ್ಮ ದ್ರಾವಿಡ್ 461 ರನ್ ಹೊಡದು ಎಲ್ಲಾರಿಗಿಂತ ಮುಂದ. ಮ್ಯಾಂಚೆಸ್ಟರಿನಾಗ ವೆಂಕಟೇಶ್ ಪ್ರಸಾದ್ ಪಾಕಿಸ್ತಾನದ 5 ವಿಕೆಟ್ ಕಿತ್ರು. ಅದನ್ನ ಕಣ್ಣಾರೆ ನೋಡಿದವ್ರ ಪುಣ್ಯ ದೊಡ್ಡದು.

ಈಗೂ ಇಂಥ ಬಹುಮಾನ ಅದಾವ. ಆದ್ರ ಲಕ್ಷ್ಯ ಇಡ್ರಿ: ನಸೀಬಿನ ಡ್ರಾದಾಗ ಗೆದ್ದ ಪ್ರವಾಸಕ್ಕೂ 30% ಆದಾಯ ತೆರಿಗೆ ಐತಿ, ಅದು ಸರ್ಕಾರಕ್ಕ ಹೋಗೂದು. ಯಾರರ ಫೋನ್ ಮಾಡಿ, ‘ಟಿಕೆಟ್ ಬಂದೈತಿ, ಮೊದಲ ಈ ನಂಬರಿಗೆ ರೊಕ್ಕ ಹಾಕ್ರಿ’ ಅಂದ್ರ ಹಾಕಬ್ಯಾಡ್ರಿ. ಹಾಕಿದ್ರ, ತಡ ಮಾಡದ ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಫೋನ್ ಹಚ್ಚ್ರಿ.